ಊಂ ಅನ್ನೋರು

ಹೋದ ತಿಂಗಳು ನಮ್ಮ ಎಡಿಟರ್ ಹುಡುಗ ಒಂದು ಆಡಿಯೋ ಫೈಲ್ ಕಳಿಸಿದ. "ಅಕ್ಕಾ, ಪೂರ್ತಿ ಕ್ಲೀನ್ ಮಾಡಿದೀನಿ, ಕೇಳಿ" ಅಂತ ಮೆಸೇಜ್. ರಾತ್ರಿ ಹನ್ನೊಂದು ಗಂಟೆ. ಪಾತ್ರೆ ಸಿಂಕಿನಲ್ಲಿ ಹಾಗೇ ಬಿಟ್ಟು ಹೆಡ್‌ಫೋನ್ ಹಾಕಿಕೊಂಡು ಕೂತೆ.

ನಿಜವಾಗಲೂ ಕ್ಲೀನಾಗಿತ್ತು. ಲಾರಿ ಇಲ್ಲ, ಕುಕ್ಕರ್ ವಿಷಲ್ ಇಲ್ಲ, ಮಗುವಿನ ಅಳು ಇಲ್ಲ. ಕಥೆ ಹಾಡುವ ಅಯ್ಯನ ದನಿ ಮಾತ್ರ ಇತ್ತು. ಎಣ್ಣೆನೀರು ಹಾಕಿ, ಪೌಡರ್ ಬಳಿದು, ಫೋಟೋ ಸ್ಟುಡಿಯೋದಲ್ಲಿ ಕೂರಿಸಿದ ಮಗುವಿನ ಹಾಗೆ. ಏನೋ ಸರಿ ಇಲ್ಲ ಅನ್ನಿಸಿತು. ಎರಡನೇ ಸಲ ಕೇಳಿದಾಗ ಗೊತ್ತಾಯಿತು, ಗಗ್ಗರವೇ ಇಲ್ಲ.

ಗಗ್ಗರ ಅಂದರೆ ಕೈಯಲ್ಲಿ ಹಿಡಿದು ಆಡಿಸುವ ಲೋಹದ ಬಳೆ. ಒಳಗೆ ಟೊಳ್ಳು, ಟೊಳ್ಳಿನಲ್ಲಿ ಸಣ್ಣ ಗುಂಡುಗಳು. ಮಂಟೇಸ್ವಾಮಿ ಅನ್ನೋ ಗುರುವಿನ ಕಥೆ ಹಾಡುವಾಗ ಅದು ನಿಲ್ಲುವುದೇ ಇಲ್ಲ. ದನಿಯ ಅಡಿಯಲ್ಲಿ ಝಲ್ ಝಲ್ ಅಂತ ರಾತ್ರಿಯೆಲ್ಲಾ ಹರಿಯುತ್ತಾ ಇರುತ್ತದೆ. ನಿಲ್ಲದೆ ಬರುವ ಸದ್ದು ಅಂದರೆ ಸಾಫ್ಟ್‌ವೇರಿಗೆ ಫ್ಯಾನು, ಇಲ್ಲ ಏಸಿ. ಹಾಗಂದುಕೊಂಡು ಗಗ್ಗರವನ್ನು ಅದು ತಿಂದು ಹಾಕಿತ್ತು. ಜೊತೆಗೆ ಇನ್ನೊಂದನ್ನೂ ತಿಂದಿತ್ತು. ಅದು ಸಾಫ್ಟ್‌ವೇರಿನ ಕೆಲಸ ಅಲ್ಲ, ನಮ್ಮ ಹುಡುಗ ಕೈಯಾರೆ ಒಂದೊಂದಾಗಿ ಕಿತ್ತು ಹಾಕಿದ್ದ. ನಾಲ್ಕು ಸಾಲಿಗೊಮ್ಮೆ, ಆರು ಸಾಲಿಗೊಮ್ಮೆ ಒಬ್ಬ ಗಂಡಸು ಎಲ್ಲಿಂದಲೋ "ಊಂ" ಅನ್ನುತ್ತಾನಲ್ಲ, ಅದು.

"ಯಾರೋ ಮಧ್ಯ ಮಧ್ಯ ಕೆಮ್ಮಿದ ಹಾಗಿತ್ತು ಅಕ್ಕಾ, ತುಂಬಾ ಡಿಸ್ಟರ್ಬ್ ಆಗ್ತಿತ್ತು" ಅಂದ ಬೆಳಗ್ಗೆ.

ಅವನನ್ನು ಬೈಯೋಕೆ ನನಗೆ ಬಾಯಿಲ್ಲ. ಮೂರು ವರ್ಷದ ಹಿಂದೆ ನಾನೂ ಅದನ್ನೇ ಮಾಡಿದ್ದೆ, ಅದೂ ನೂರು ಜನರ ಎದುರಿಗೆ. ಆ ಕಥೆ ಹೇಳೋಕೇ ಇವತ್ತು ಕೂತಿದ್ದೀನಿ.

ನಾನು ಸಿನಿಮಾಗಳಿಗೆ ಸೌಂಡ್ ರೆಕಾರ್ಡ್ ಮಾಡುವವಳು. ಬೂಮ್ ಕೋಲು ಹಿಡಿದುಕೊಂಡು ಫ್ರೇಮಿನ ಆಚೆ ನಿಂತಿರ್ತಾರಲ್ಲ, ಅವರು. ಹೊಟ್ಟೆಪಾಡಿಗೆ ಜಾಹೀರಾತು, ಕಂಪನಿಗಳ ವಿಡಿಯೋ. ಮನಸ್ಸಿಗೆ ಡಾಕ್ಯುಮೆಂಟರಿ. ನನ್ನ ಗೆಳತಿ ಒಬ್ಬಳು ಬೆಂಗಳೂರಿನಲ್ಲಿ ನಡೆಯುವ ಮಂಟೇಸ್ವಾಮಿ ಕಥೆಗಳ ಮೇಲೆ ಸಿನಿಮಾ ಮಾಡ್ತೀನಿ ಅಂದಾಗ ನಾನು ನಕ್ಕಿದ್ದೆ. "ಬೆಂಗಳೂರಲ್ಲಾ? ಅದಕ್ಕೆ ಚಿಕ್ಕಲ್ಲೂರಿಗೆ ಹೋಗ್ಬೇಕು ಕಣೇ" ಅಂದೆ. ಅವಳು ಕರೆದುಕೊಂಡು ಹೋಗಿದ್ದು ಬೆಂಗಳೂರಿನದೇ ಲಗ್ಗೆರೆಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ, ಮಂಡ್ಯದ ಕಡೆ ಎರಡು ದೊಡ್ಡ ಕಥೆಗಳಿವೆ. ಒಂದು ಮಾದಪ್ಪನದು, ಅದನ್ನು ಕಂಸಾಳೆಯವರು ಹಾಡುತ್ತಾರೆ. ಇನ್ನೊಂದು ಮಂಟೇಸ್ವಾಮಿಯದು, ಅದು ನೀಲಗಾರರದು. ನೀಲಗಾರ ಅಂದರೆ ಸುಮ್ಮನೆ ಹಾಡುಗಾರ ಅಲ್ಲ. ದೀಕ್ಷೆ ಆಗಿರಬೇಕು. ಹಣೆಗೆ ಧೂಳ್ತ ಅನ್ನೋ ಕಪ್ಪು ಬೂದಿ, ಹೆಗಲಿಗೆ ಜೋಳಿಗೆ, ಕೈಯಲ್ಲಿ ತಂಬೂರಿ, ಗಗ್ಗರ. ಜೊತೆಯವರ ಹತ್ತಿರ ದಮ್ಮಡಿ, ತಾಳ. ಒಕ್ಕಲಿನಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಹಾಡುವವರಲ್ಲಿ ದಲಿತರೇ ಜಾಸ್ತಿ.

ಕಥೆ ಬಲು ಉದ್ದ. ಅದರ ಒಂದೊಂದು ಭಾಗಕ್ಕೆ ಸಾಲು ಅಂತಾರೆ. ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಕೊಳಕು ವೇಷ ಹಾಕಿಕೊಂಡು ಬಸವಣ್ಣನವರ ಬಾಗಿಲಿಗೇ ಹೋಗಿ ನಿಲ್ಲುತ್ತಾನೆ, ಅಲ್ಲಿರುವ ಶರಣರಲ್ಲಿ ಎಷ್ಟು ಜನ ನಿಜವಾದ ಶರಣರು ಅಂತ ನೋಡೋಕೆ. ಆಮೇಲೆ ಈ ಕಡೆ ಬಂದು, ಮದ್ದೂರು ತಾಲೂಕಿನ ನಿಡುಘಟ್ಟದ ಆಚಾರಿ ಮನೆಯ ಕೆಂಪಾಚಾರಿಯನ್ನು ಶಿಷ್ಯನಾಗಿ ಪಡೆಯುತ್ತಾನೆ. ಆ ಹುಡುಗನೇ ಸಿದ್ದಪ್ಪಾಜಿ. ಗುರು ಅವನನ್ನು ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ ಹತ್ತಿರ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಅವರು ಕೊಡೋದಿಲ್ಲ. ಒಂದಾದ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಶಿಷ್ಯನನ್ನು ಅವನ ಕುಲದವರ ಹತ್ತಿರವೇ ಭಿಕ್ಷೆ ಬೇಡೋಕೆ ಕಳಿಸಿದ ಗುರುವಿನ ಕಥೆ ಇದು. ಕನಕಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗೋ ಬಸ್ಸು ಇದೇ ಹಲಗೂರಲ್ಲಿ ನಿಲ್ಲುತ್ತದೆ. ಎಷ್ಟು ಸಲ ಅಲ್ಲಿ ಇಳಿದು ಟೀ ಕುಡಿದಿದ್ದೀನೋ, ಒಂದು ಸಲವೂ ಹೊಳೆದಿರಲಿಲ್ಲ.

ಗುರುವಿನ ಗದ್ದುಗೆ ಬೊಪ್ಪೇಗೌಡನಪುರದಲ್ಲಿದೆ, ಸಿದ್ದಪ್ಪಾಜಿಯದು ಚಿಕ್ಕಲ್ಲೂರಿನಲ್ಲಿ. ಜನವರಿ ಹುಣ್ಣಿಮೆಗೆ ಚಿಕ್ಕಲ್ಲೂರಲ್ಲಿ ಐದು ದಿನದ ಜಾತ್ರೆ. ಮೊದಲ ರಾತ್ರಿ ಬಿದಿರಿನಲ್ಲಿ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಇಡುತ್ತಾರೆ. ಬೆಂಕಿ ಯಾವ ದಿಕ್ಕಿಗೆ ಚೆನ್ನಾಗಿ ಉರಿಯಿತೋ ಆ ಕಡೆ ಮಳೆ ಬೆಳೆ ಚೆನ್ನ ಅನ್ನೋ ನಂಬಿಕೆ.

ಆ ಕಡೆಯಿಂದ ಬೆಂಗಳೂರಿಗೆ ಬಂದವರು ಎಷ್ಟು ಜನ ಅಂತ ಲೆಕ್ಕ ಇಟ್ಟವರು ಯಾರು? ಗಾರ್ಮೆಂಟ್ಸ್, ಆಟೋ, ಗಾರೆ ಕೆಲಸ, ಸೆಕ್ಯೂರಿಟಿ. ಲಗ್ಗೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ. ಹರಕೆ ಇದ್ದವರು ಇಲ್ಲೇ ಮನೆ ಮೇಲೆ ಶಾಮಿಯಾನ ಹಾಕಿ ಕಥೆ ಮಾಡಿಸುತ್ತಾರೆ. ಮಗಳಿಗೆ ಮಗುವಾದರೆ ಮಾಡಿಸ್ತೀನಿ, ಸೈಟ್ ಆದರೆ ಮಾಡಿಸ್ತೀನಿ ಅಂತ. ನಮ್ಮ ಸಿನಿಮಾ ಅದರ ಮೇಲೆ.

ಅಯ್ಯನ ಹೆಸರು ಇಲ್ಲಿ ಬರೆಯೋದಿಲ್ಲ, ಅವರಿಗೆ ಇಷ್ಟ ಇಲ್ಲ. ನಾವೆಲ್ಲಾ ಅಯ್ಯ ಅಂತಲೇ ಕರೆಯೋದು. ಅರವತ್ತು ದಾಟಿದೆ. ಆಗ ಒಂದು ಕಣ್ಣಿಗೆ ಪೊರೆ ತೆಗೆಸಿದ್ದರು, ಇನ್ನೊಂದು ಬಾಕಿ ಇತ್ತು. ಮೊದಲ ವರ್ಷ ನಮಗೆ ಸಿಕ್ಕ ಸಣ್ಣ ದುಡ್ಡಿನಲ್ಲಿ ನಾನು ಒಂದು ಘನಂದಾರಿ ಸಲಹೆ ಕೊಟ್ಟೆ. "ಮೊದಲು ಹಾಡನ್ನ ಸ್ಟುಡಿಯೋದಲ್ಲಿ ನೀಟಾಗಿ ರೆಕಾರ್ಡ್ ಮಾಡ್ಕೊಳೋಣ. ಲೊಕೇಶನ್ ಸೌಂಡ್ ನಂಬೋಕಾಗಲ್ಲ." ಡೈರೆಕ್ಟರ್ ಒಪ್ಪಿದಳು.

ಯಾವ ಸ್ಟುಡಿಯೋ ಅಂತ ಬೇಡ ಬಿಡಿ. ಗಂಟೆ ಲೆಕ್ಕದ ಬಾಡಿಗೆ. ಅಯ್ಯನ ತಂಡಕ್ಕೆ ಇಡೀ ರಾತ್ರಿಗೆ ಸಿಗುವ ದುಡ್ಡು ಅಲ್ಲಿ ಅರ್ಧ ದಿನಕ್ಕೂ ಸಾಲುತ್ತಿರಲಿಲ್ಲ. ಅಯ್ಯ, ಹಿಮ್ಮೇಳದ ಇಬ್ಬರು, ಮೂವರೂ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದರು. ಬೀಡಿ ಸೇದೋಕೆ ಜಾಗ ಹುಡುಕಿದರು, ಸಿಗಲಿಲ್ಲ. ಒಳಗೆ ಗೋಡೆಗೆಲ್ಲ ಸ್ಪಂಜು. ಎದುರಿಗೆ ಗಾಜು. ಗಾಜಿನ ಆಚೆ ಇಂಜಿನಿಯರ್, ಡೈರೆಕ್ಟರ್, ನಾನು. ಮೂರು ಜನರನ್ನೂ ದೂರ ದೂರ ಕೂರಿಸಿ ಒಬ್ಬೊಬ್ಬರಿಗೆ ಒಂದೊಂದು ಮೈಕ್, ತಲೆಗೆ ಹೆಡ್‌ಫೋನ್. ಅಯ್ಯ ರುಮಾಲಿನ ಮೇಲೇ ಹೆಡ್‌ಫೋನ್ ಹಾಕಿಕೊಂಡರು.

ಶುರು ಮಾಡಿದರು. ಎರಡು ನಿಮಿಷ ಹಾಡಿದರು. ನಿಲ್ಲಿಸಿದರು. ಮತ್ತೆ ಶುರು. ಮತ್ತೆ ನಿಂತಿತು. ನೀರು ಕುಡಿದರು. ಇಂಜಿನಿಯರ್ ಮೈಕಿನಲ್ಲಿ "ಸರ್, ಚೆನ್ನಾಗಿ ಬರ್ತಿದೆ, ಕಂಟಿನ್ಯೂ ಮಾಡಿ" ಅಂದ. ಅಯ್ಯ ಸುತ್ತ ಮುತ್ತ ನೋಡಿದರು, ದನಿ ಎಲ್ಲಿಂದ ಬಂತು ಅಂತ. ಐದನೇ ಸಲ ನಿಂತಾಗ ನಾನು ಬಾಗಿಲು ತೆಗೆದು ಒಳಗೆ ಹೋದೆ.

"ಏನಾಯ್ತು ಅಯ್ಯಾ? ಗಂಟಲು ಸರಿ ಇಲ್ವಾ?"

"ಗಂಟಲಿಗೇನಾಗಿದ್ದದು. ಯಾರ್ಗವ್ವ ಏಳ್ಲಿ ನಾನು?"

"ಇಲ್ಲೇ ಇದೀವಲ್ಲ, ನಾವೆಲ್ಲಾ ಕೇಳ್ತಿದೀವಿ."

ಅಯ್ಯ ಗಾಜಿನ ಕಡೆ ಕೈ ತೋರಿಸಿದರು. "ಅವ್ರು ಮೀನಿದ್ದಂಗವ್ರೆ ಕನವ್ವ. ಬಾಯಿ ಆಡ್ತದೆ, ಸಬ್ದ ಇಲ್ಲ."

ಕೊನೆಗೆ ನಾನೇ ಅವರ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ನನ್ನನ್ನು ನೋಡಿಕೊಂಡು ಹಾಡಿದರು. ಸ್ವಲ್ಪ ಮುಂದೆ ಹೋಯಿತು. ನಾನೋ, ಕೆಲಸ ಕಲಿತವಳು. ಉಸಿರು ಬಿಗಿ ಹಿಡಿದು, ಅಲ್ಲಾಡದೆ, ಮೈಕಿಗೆ ಏನೂ ಬೀಳದ ಹಾಗೆ ಕೂತಿದ್ದೆ. ಹತ್ತು ನಿಮಿಷಕ್ಕೆ ಅಯ್ಯನಿಗೆ ಸಾಕಾಯಿತು. "ನೀ ಊಂ ಅಂದ್ರ ತಾನೆ ನಾ ಮುಂದಕ್ಕೋಗೋದು? ಬೊಂಬೆ ಕೂತಂಗೆ ಕೂತ್ಕಂಡಿದ್ದೀಯಲ್ಲ" ಅಂದರು.

ಊಂ ಅಂದರೆ ಹೂಂ. ಆ ಕಡೆ ಮಾತಿನಲ್ಲಿ ಹಕಾರ ಇರೋದಿಲ್ಲ. ನಮ್ಮ ಅಜ್ಜಿ ಕಥೆ ಹೇಳುವಾಗಲೂ ಹೂಂಗುಟ್ಟಬೇಕಿತ್ತು. ಒಂದು ಹೂಂ ತಪ್ಪಿದರೆ "ನಿದ್ದೆ ಬಂತಾ?" ಅಂತ ದೀಪ ಆರಿಸಿಬಿಡೋರು. ನಮ್ಮ ಮನೆಯಲ್ಲಿ ಅದು ಮಕ್ಕಳನ್ನು ಮಲಗಿಸುವ ಉಪಾಯ ಅಂತ ತಿಳಿದಿದ್ದೆ. ಸರಿ ಅಂತ ನಾನು ಹೂಂ ಅಂದೆ. ಅಯ್ಯ ಅರಳಿದರು. ಗಾಜಿನ ಆಚೆಯಿಂದ ಇಂಜಿನಿಯರ್ ಕೈ ಬೀಸಿದ: ಮೇಡಂ, ನಿಮ್ಮ ದನಿ ಮೈಕಿಗೆ ಬೀಳ್ತಿದೆ.

ಅವತ್ತಿನ ದುಡ್ಡು ನೀರಿಗೆ ಹೋಯಿತು. ಬುದ್ಧಿ ಮಾತ್ರ ಬರಲಿಲ್ಲ.

ಎರಡು ತಿಂಗಳ ಮೇಲೆ ಲಗ್ಗೆರೆಯ ಮನೆ. ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಕುಟುಂಬ, ಗಂಡ ಪೀಣ್ಯದ ಒಂದು ಲೇತ್ ಶೆಡ್ಡಿನಲ್ಲಿ ಕೆಲಸ, ಹೆಂಡತಿ ಗಾರ್ಮೆಂಟ್ಸ್. ಹರಕೆ ಕಥೆ. ಓನರ್ ತಾರಸಿ ಕೊಟ್ಟಿದ್ದರು, ಬಾಡು ಮಾತ್ರ ಬೇಡ ಅಂದಿದ್ದರು. ಹಾಗಾಗಿ ಮರುದಿನದ ಬಾಡೂಟ ಸುಂಕದಕಟ್ಟೆಯ ನೆಂಟರ ಮನೆಗೆ ವರ್ಗ ಆಯಿತು. (ಚೆನ್ನಾಗಿತ್ತು. ಮುದ್ದೆ ಸ್ವಲ್ಪ ಗಟ್ಟಿ.)

ತಾರಸಿಯ ಮೂಲೆಯಲ್ಲಿ ಕಂಬಳಿ ಹಾಸಿ, ಗುರುವಿನ ಗುರುತಾದ ಕಂಡಾಯ, ನಾಗಬೆತ್ತ ಇಟ್ಟು ಪೂಜೆ. ಒಂದು ಕಡೆ ಸಿಂಟೆಕ್ಸ್ ಟ್ಯಾಂಕು, ಇನ್ನೊಂದು ಕಡೆ ಒಗೆದು ಹಾಕಿದ ಯೂನಿಫಾರಂ. ಕೆಳಗೆ ರಿಂಗ್ ರೋಡಿನ ಲಾರಿಗಳ ಸದ್ದು ಬಿಟ್ಟೂ ಬಿಡದೆ. ನಮ್ಮ ಕೆಲಸದಲ್ಲಿ ರೂಮ್ ಟೋನ್ ಅಂತ ಒಂದು ಅಭ್ಯಾಸ ಇದೆ. ಶೂಟಿಂಗ್ ಶುರುವಾಗುವ ಮುಂಚೆ ಎಲ್ಲರನ್ನೂ ಸುಮ್ಮನಿರಿಸಿ ಆ ಜಾಗದ ಬರೀ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳೋದು, ಎಡಿಟಿಂಗ್‌ನಲ್ಲಿ ತೇಪೆ ಹಾಕೋಕೆ ಬೇಕಾಗುತ್ತದೆ ಅಂತ. ಆ ತಾರಸಿಯ ಒಂದು ನಿಮಿಷದ ಮೌನದಲ್ಲಿ ಎರಡು ಕುಕ್ಕರ್, ಒಂದು ನಾಯಿ, ಪಕ್ಕದ ಮನೆಯ ಸೀರಿಯಲ್, ಒಬ್ಬರ ಸೀನು ಇದೆ.

ಹಾಡು ಶುರುವಾಗೋ ಮುಂಚೆ ನಾನು ಮೈಕ್ ಹಿಡಿದು ಒಂದು ಭಾಷಣ ಮಾಡಿದೆ. ಈಗ ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ. "ದಯವಿಟ್ಟು ಯಾರೂ ಮಾತಾಡಬೇಡಿ. ಮೊಬೈಲ್ ಸೈಲೆಂಟ್ ಮಾಡ್ಕೊಳಿ. ರೆಕಾರ್ಡಿಂಗ್ ಆಗ್ತಿದೆ." ಬೆಂಗಳೂರಿನವರ ಮಾತು, ಮೇಲೆ ಕತ್ತಿನಲ್ಲಿ ಹೆಡ್‌ಫೋನ್. ಜನ ಪಾಪ ಒಪ್ಪಿಕೊಂಡರು. ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದರು. ಪಿನ್ ಡ್ರಾಪ್.

ಅಯ್ಯ ಪ್ರಾರ್ಥನೆ ಮುಗಿಸಿ ಕಥೆಗೆ ಬಂದರು. ಒಂದು ತಿರುವು ಹಾಡಿದರು. ನಿಂತರು. ಒಳ್ಳೆಯ ಕಣ್ಣಿನಿಂದ ಒಂದು ಸಲ ಎಲ್ಲರನ್ನೂ ನೋಡಿದರು.

"ಯಾಕ್ರಪ್ಪಾ, ಎಲ್ಲಾರೂ ಮನೀಕಂಡ್ರಾ?"

ಜನ ಗೊಳ್ಳೆಂದು ನಕ್ಕರು. ಎಲ್ಲರೂ ನನ್ನ ಕಡೆ ತಿರುಗಿದರು. ಹಿಂದಿನಿಂದ ಒಬ್ಬ ಆಟೋ ಓಡಿಸೋರು, ಇನ್ನೂ ಖಾಕಿ ಶರ್ಟಿನಲ್ಲೇ ಇದ್ದರು, ಕೂತಲ್ಲಿಂದಲೇ "ಆ ವಮ್ಮ ಮಾತಾಡ್ಬೇಡಿ ಅಂತದೆ ಅಯ್ಯಾ" ಅಂದರು. "ಮಾತಾಡ್ಬೇಡ, ಊಂ ಅನ್ನು" ಅಂದರು ಅಯ್ಯ. ಅಲ್ಲಿಂದ ಶುರುವಾಯಿತು ನೋಡಿ. ನಮ್ಮ ಎಡಿಟರ್ ಹುಡುಗ ಕಿತ್ತು ಹಾಕಿದ್ದು ಅದೇ ಆಟೋದವರ ಊಂ.

ಮೂರು ವರ್ಷದಿಂದ ಆ ರಾತ್ರಿಯ ರೆಕಾರ್ಡಿಂಗ್ ಕೇಳ್ತಾ ಇದ್ದೀನಿ. ಈಗ ನನಗೆ ಅವರ ಊಂಗಳ ನಡುವೆ ವ್ಯತ್ಯಾಸ ಗೊತ್ತಾಗುತ್ತದೆ. ಕಥೆ ಸರಾಗವಾಗಿ ಹೋಗುವಾಗ ಒಂದು ಗಿಡ್ಡ ಊಂ, ಬಾಯಿ ಮುಚ್ಚಿಕೊಂಡೇ. ಪಾಂಚಾಳರು ಸಿದ್ದಪ್ಪಾಜಿಯನ್ನು ಹೀಯಾಳಿಸಿದಾಗ ಕೆಳಕ್ಕೆ ಇಳಿಯುವ ಉದ್ದ ಊಂ. ಅಯ್ಯ ನಗೆಚಾಟಿಕೆ ಮಾಡಿದರೆ ಊಂ ಮೂಗಿನಿಂದ ಬರುತ್ತದೆ. ಅಯ್ಯನೂ ಅದನ್ನು ಕೇಳಿಕೊಂಡೇ ಹಾಡುತ್ತಾರೆ. ಊಂ ಗಟ್ಟಿ ಬಂದರೆ ಆ ಭಾಗ ಹಿಗ್ಗುತ್ತದೆ, ಇನ್ನೆರಡು ಮಾತು ಸೇರುತ್ತದೆ. ಸಪ್ಪೆ ಬಂದರೆ ಬೇಗ ಮುಂದಕ್ಕೆ. ನಡುರಾತ್ರಿ ಒಂದೂವರೆಗೆ ಆಟೋದವರು ಟೀ ಕುಡಿಯೋಕೆ ಕೆಳಗೆ ಹೋಗಿದ್ದಾರೆ. ಹನ್ನೊಂದು ನಿಮಿಷ. ರೆಕಾರ್ಡಿಂಗಿನಲ್ಲಿ ಆ ಹನ್ನೊಂದು ನಿಮಿಷ ಕುಂಟಿಕೊಂಡು ನಡೆದಿದೆ. ಹಿಮ್ಮೇಳದವರು ಪಲ್ಲವಿ ಎತ್ತಿ ಹೇಗೋ ಸಾಗಿಸುತ್ತಾರೆ. ಆಮೇಲೆ ಒಬ್ಬ ಹೆಂಗಸು ಊಂಗುಟ್ಟೋಕೆ ಶುರು ಮಾಡುತ್ತಾಳೆ. ಬೇರೆ ಶ್ರುತಿ, ಬೇರೆ ಜಾಗ. ಅಲ್ಲಿಂದ ಮುಂದೆ ಸ್ವಲ್ಪ ಹೊತ್ತು ಅಯ್ಯನ ಕಥೆಯಲ್ಲಿ ತಾಯಿಯ ಅಳು ಜಾಸ್ತಿ ಆಗುತ್ತದೆ. ನನ್ನ ಭ್ರಮೆಯೂ ಇರಬಹುದು, ಆದರೆ ಟೇಪಿನಲ್ಲಿ ಇದೆ.

ಇನ್ನೊಂದು ವಿಷಯ ಮರೆತೆ. ಆ ರಾತ್ರಿ ಹತ್ತು ಗಂಟೆ ಹತ್ತು ನಿಮಿಷಕ್ಕೆ ಪೊಲೀಸರು ಬಂದರು. ಯಾರೋ ಫೋನ್ ಮಾಡಿದ್ದರು. ಮರ್ಯಾದೆಯಿಂದಲೇ ಹೇಳಿದರು, ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ ಅಂತ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ, ಅವರ ಮಾತು ಸರಿಯೇ. ಆದರೆ ಕಥೆ ಹುಟ್ಟಿದ್ದೇ ಹತ್ತರಿಂದ ಆರರವರೆಗೆ ಹಾಡೋಕೆ ಅಲ್ವಾ? ಮನೆಯವರ ಮುಖ ಬಾಡಿತು. ಅಯ್ಯ ಮಾತ್ರ "ಮೈಕ್ ಯಾವತ್ತಿತ್ತಪ್ಪ ನಮ್ಗೆ" ಅಂದು ಅದರ ವೈರನ್ನು ಅವರೇ ಕಿತ್ತರು.

ಮೈಕ್ ಹೋದ ಮೇಲೆ ಜನ ಮುಂದೆ ಸರಿದು ಬಂದರು. ಕುರ್ಚಿ ಬಿಟ್ಟು ಚಾಪೆಗೆ ಇಳಿದರು. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ. ಸ್ಪೀಕರಿನ ಗುಂಯ್‌ಗುಡುವಿಕೆ ಇಲ್ಲದ ಮೇಲೆ ತಂಬೂರಿಯ ತಂತಿ, ಗಗ್ಗರದ ಗುಂಡು, ಅಯ್ಯ ಉಸಿರು ಎಳೆದುಕೊಳ್ಳೋದು, ಎಲ್ಲಾ ನನ್ನ ಮೈಕಿಗೆ ಬಿತ್ತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇದಕ್ಕಿಂತ ಚೆನ್ನಾಗಿರೋ ರೆಕಾರ್ಡಿಂಗ್ ಇಲ್ಲ. ಫೋನ್ ಮಾಡಿದ ಆ ಪುಣ್ಯಾತ್ಮ ಯಾರೋ, ಟೈಟಲ್ ಕಾರ್ಡಿನಲ್ಲಿ ಕೃತಜ್ಞತೆ ಹಾಕಬೇಕು ಅಂತ ನಾನು ಹೇಳಿದ್ದೆ. ಡೈರೆಕ್ಟರ್ ಒಪ್ಪಲಿಲ್ಲ.

ಮೂರು ಗಂಟೆಗೆ ಒಬ್ಬ ಹೆಂಗಸಿಗೆ ಮೈದುಂಬಿತು. ಮುಡಿ ಬಿಚ್ಚಿಕೊಂಡಿತು, ಎದ್ದು ನಿಂತಳು. ಅಯ್ಯ ಹಾಡು ನಿಲ್ಲಿಸಲಿಲ್ಲ, ಗಗ್ಗರ ಮಾತ್ರ ಜೋರಾಯಿತು. ನಮ್ಮ ಕ್ಯಾಮೆರಾದವನು ಒಳ್ಳೆಯವನೇ, ಆದರೆ ಕೈ ತಾನಾಗಿ ಜೂಮ್ ಮಾಡಿತು. ನಾಲ್ಕು ನಿಮಿಷ ಶೂಟ್ ಆಗಿದೆ. ಸಿನಿಮಾದವರ ಕಣ್ಣಿಗೆ ಚಿನ್ನದಂಥ ಶಾಟ್. ಅದನ್ನು ಹಾಕಬೇಕೋ ಬೇಡವೋ ಅಂತ ಡೈರೆಕ್ಟರ್‌ಗೂ ನನಗೂ ಮೂರು ದಿನ ಜಗಳ. ಅವಳು ದೇವರು, ಭಕ್ತಿ, ಗೌರವ ಅಂತೆಲ್ಲ ಮಾತಾಡಿದಳು, ನಾನೂ ಮಾತಾಡಿದೆ. ಕೊನೆಗೆ ಇಬ್ಬರೂ ಲ್ಯಾಪ್‌ಟಾಪ್ ಹಿಡಿದುಕೊಂಡು ಆಯಮ್ಮನ ಮನೆಗೇ ಹೋದೆವು. ನೋಡಿದರು. ನಕ್ಕರು. "ಅಯ್ಯೋ ನನ್ನ ಸೀರೆ ನೋಡು" ಅಂದರು. ಆಮೇಲೆ ಮೆಲ್ಲಗೆ, "ಆಕಬೇಡಿ ಕಣ್ರವ್ವ. ಮಗಳಿಗೆ ಗಂಡು ನೋಡ್ತಾ ಇದೀವಿ" ಅಂದರು. ನಮ್ಮ ಮೂರು ದಿನದ ಜಗಳದಲ್ಲಿ ಈ ಮಾತು ಒಂದು ಸಲವೂ ಬಂದಿರಲಿಲ್ಲ. ಶಾಟ್ ತೆಗೆದೆವು. ಸದ್ದು ಮಾತ್ರ ಇಟ್ಟುಕೊಳ್ಳಿ ಅಂದರು, ಅದಿದೆ.

ಈ ಊಂ ತಲೆಗೆ ಹೊಕ್ಕ ಮೇಲೆ ಹಿಂದೆ ಮಾಡಿದ ಕೆಲಸಗಳೆಲ್ಲಾ ಬೇರೆ ಥರ ಕೇಳಿಸೋಕೆ ಶುರುವಾಗಿದೆ. ಒಮ್ಮೆ ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿಗೆ, ಅಂದರೆ ಕಾಡಿನ ಹಟ್ಟಿಗೆ ಹೋಗಿದ್ದೆ, ಅಲ್ಲಿನ ಆದಿವಾಸಿ ಸೋಲಿಗರ ಹಾಡು ರೆಕಾರ್ಡ್ ಮಾಡೋಕೆ. ಹಗಲು ಎರಡು ಗಂಟೆ, ಬಿಸಿಲು. "ಗೊರುಕನ ಹಾಡಿ" ಅಂತ ಕೇಳಿದೆ. ಹಾಡಿದರು. ಐದು ನಿಮಿಷ, ಅಚ್ಚುಕಟ್ಟು. ಬೆಂಗಳೂರಿನ ವೇದಿಕೆಗಳಲ್ಲಿ ಅವರಿಗೆ ಕೊಡೋ ಸಮಯ ಅಷ್ಟೇ ಅಲ್ವಾ, ಅಭ್ಯಾಸ ಆಗಿಬಿಟ್ಟಿದೆ. ಸಂಜೆ ಬೆಂಕಿ ಹಾಕಿಕೊಂಡು ಕೂತಾಗ, ನಾನು ರೆಕಾರ್ಡರ್ ಬ್ಯಾಗಿಗೆ ಹಾಕಿದ ಮೇಲೆ, ಅದೇ ಹಾಡು ಮತ್ತೆ ಎದ್ದಿತು. ಆಗ ಅದರೊಳಗೆ ಹೂವು ಬಂತು, ಹಕ್ಕಿ ಬಂತು, ಆ ದಿನ ನಡೆದ ಏನೋ ಒಂದು ತಮಾಷೆಯೂ ಬಂತು. ರಂಗನಾಥನನ್ನು ಅವರು ಬಾವ ಅಂತ ಕರೆಯುತ್ತಾರೆ, ತಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು ಅಂತ. ಬಾವನನ್ನು ರೇಗಿಸೋದು ಹಾಡಿನಲ್ಲೂ ಇದೆ. ಮೈಕಿನ ಮುಂದೆ ಮಾತ್ರ ಯಾರೂ ಬಾವನನ್ನು ರೇಗಿಸಲಿಲ್ಲ. ಯಾಕೆ ರೇಗಿಸಬೇಕು ಹೇಳಿ, ನಗೋರೇ ಇಲ್ಲದ ಮೇಲೆ? ಇದೇ ಸೋಲಿಗರು 2011ರಲ್ಲಿ ಹುಲಿ ಮೀಸಲು ಕಾಡಿನೊಳಗೇ ತಮ್ಮ ಸಮುದಾಯದ ಅರಣ್ಯ ಹಕ್ಕು ಪಡೆದುಕೊಂಡವರು. ಪೇಟೆಯವರು ಏನು ಕೇಳ್ತಾರೆ, ಅವರಿಗೆ ಎಷ್ಟು ಕೊಡಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ನನಗೆ ಐದು ನಿಮಿಷ ಕೊಟ್ಟರು.

ಕರಗದ ರಾತ್ರಿಯೂ ಹಾಗೇ. ಚೈತ್ರ ಹುಣ್ಣಿಮೆ, ತಿಗಳರಪೇಟೆಯ ಧರ್ಮರಾಯನ ಗುಡಿ. ಮಧ್ಯರಾತ್ರಿ ದಾಟಿ ಕರಗ ಹೊರಗೆ ಬರುವ ಗಳಿಗೆ. ವೀರಕುಮಾರರ ಅಲಗು, ಗೋವಿಂದ ಗೋವಿಂದ ಅನ್ನೋ ಕೂಗು, ಮಲ್ಲಿಗೆ ಎರಚಾಟ. ಒಂದು ವರ್ಷ ಅಲ್ಲಿ ರೆಕಾರ್ಡ್ ಮಾಡಿದ್ದೆ. ಕಳೆದ ಸಲ ಸುಮ್ನೆ ನೋಡೋಕೆ ಹೋಗಿದ್ದೆ. ಗೋವಿಂದ ಅನ್ನೋ ಕೂಗು ಮೊದಲಿಗಿಂತ ತೆಳುವಾಗಿದೆ ಅನ್ನಿಸಿತು. ಜನ ಕಮ್ಮಿ ಇರಲಿಲ್ಲ. ಆದರೆ ಕೈ ಎತ್ತಿ ಮೊಬೈಲ್ ಹಿಡಿದವರು ಬಾಯಿ ಮುಚ್ಚಿಕೊಂಡಿದ್ದರು, ವಿಡಿಯೋದಲ್ಲಿ ತಮ್ಮ ದನಿ ಬರಬಾರದು ಅಂತ. ನನ್ನ ಪಕ್ಕದ ಹುಡುಗ ತನ್ನ ಅಮ್ಮನಿಗೆ "ಶ್, ರೆಕಾರ್ಡಿಂಗ್" ಅಂದ. ಅವರು ಗೋವಿಂದ ಅನ್ನೋಕೆ ಹೊರಟವರು ಬಾಯಿ ಮುಚ್ಚಿದರು. ನನ್ನ ಲಗ್ಗೆರೆ ಭಾಷಣ ನೆನಪಾಯಿತು. ಅಲ್ಲಿಂದ ಜಾಗ ಬದಲಾಯಿಸಿದೆ. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಕರಗ ಬರುವ ಹೊತ್ತಿಗೆ ಅಲ್ಲಿ ಹೋಗಿ ನಿಂತೆ. ಮುದುಕರು ಜಾಸ್ತಿ ಇದ್ದರು, ಕೂಗು ಗಟ್ಟಿ ಇತ್ತು.

ಟೇಪ್ ಮಾಡೋದೇ ತಪ್ಪು ಅನ್ನೋ ಕಡೆ ನಾನಿಲ್ಲ. ಎಚ್.ಎಲ್. ನಾಗೇಗೌಡರಂಥವರು ಹಳ್ಳಿ ಹಳ್ಳಿಯ ಹಾಡನ್ನು ಹಿಡಿದಿಡುವ ಹಟ ತೊಡದೇ ಇದ್ದಿದ್ದರೆ ರಾಮನಗರದ ಹತ್ತಿರ ಜಾನಪದ ಲೋಕ ಇರುತ್ತಿರಲಿಲ್ಲ. ಮೈಸೂರು ರೋಡಿನಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸೋರು ಹತ್ತು ನಿಮಿಷ ಅಲ್ಲಿಗೂ ಹೋಗಿ ಬನ್ನಿ. ನನ್ನ ತಕರಾರು ನನ್ನ ಕೆಲಸದ ಒಂದು ಪದದ ಮೇಲೆ ಮಾತ್ರ: ಕ್ಲೀನ್. ಹಾಡುವವನ ದನಿಯೊಂದೇ ಹಾಡು, ಮಿಕ್ಕಿದ್ದೆಲ್ಲಾ ಕಸ ಅಂತ ನಮಗೆ ಯಾರು ಹೇಳಿಕೊಟ್ಟರು? ಅಯ್ಯನ ಲೆಕ್ಕದಲ್ಲಿ ಆಟೋದವರು ಪ್ರೇಕ್ಷಕ ಅಲ್ಲ, ತಂಡದವರು. ಬೆಳಗ್ಗೆ ದುಡ್ಡು ಹಂಚುವಾಗ ಅವರಿಗೆ ಎಲೆ ಅಡಿಕೆ ಕೊಟ್ಟು ಕೈ ಮುಗಿದಿದ್ದನ್ನು ನಾನು ನೋಡಿದ್ದೀನಿ.

ಸಿನಿಮಾಗೆ ದುಡ್ಡು ಕೊಟ್ಟವರಿಗೆ ಕೂಡ ಊಂ ಹಿಡಿಸಲಿಲ್ಲ. "ಹೊರಗಿನವರಿಗೆ ಅರ್ಥ ಆಗಲ್ಲ" ಅಂದರು. 52 ನಿಮಿಷಕ್ಕೆ ಇಳಿಸಬೇಕು ಅಂದರು, ಅದು ಟೀವಿಯವರ ಅಳತೆ. ಇಳಿಸಿದೆವು. ಎಂಟು ಗಂಟೆಯ ಕಥೆಯಲ್ಲಿ ಹಾಡು ಉಳಿದಿದ್ದು 19 ನಿಮಿಷ. ಊಂ ಬಗ್ಗೆ ಮಾತ್ರ ನಾನು ಹಟ ಮಾಡಿದೆ. ಎಡಿಟರ್ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ವಾಪಸ್ ಹಾಕಿಸಿದೆ, ಗಗ್ಗರದ ಜೊತೆಗೆ. ಎರಡು ರಾತ್ರಿ ಹಿಡಿಯಿತು. ಎರಡನೇ ರಾತ್ರಿ ಅವನೇ "ಅಕ್ಕಾ, ಇಲ್ಲೊಂದು ಊಂ ಮಿಸ್ ಆಗಿದೆ" ಅಂದ.

ಹೋದ ಭಾನುವಾರ ಮೊದಲ ಪ್ರದರ್ಶನ. ಸಭಾಂಗಣದಲ್ಲಿ ಆಮೇಲೆ ಮಾಡೋಣ, ಮೊದಲು ಲಗ್ಗೆರೆಯಲ್ಲಿ ಅಂತ ತೀರ್ಮಾನ ಮಾಡಿದ್ದೆವು. ಅದೇ ತಾರಸಿ. ಬಟ್ಟೆ ಒಣಗಿಸೋ ಹಗ್ಗಕ್ಕೆ ಬಿಳಿ ಬೆಡ್‌ಶೀಟ್, ಬಾಡಿಗೆ ಪ್ರೊಜೆಕ್ಟರ್, ಚುರುಮುರಿ. ಅಯ್ಯ ಊರಿಂದ ಬಂದಿದ್ದರು, ಎರಡನೇ ಕಣ್ಣಿನ ಪೊರೆಯೂ ತೆಗೆಸಿ ಆಗಿದೆ, ಕಪ್ಪು ಕನ್ನಡಕ. ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಆಟೋದವರು ಹೆಂಡತಿ ಮಕ್ಕಳ ಜೊತೆ ಬಂದಿದ್ದರು. ಪರದೆಯಿಂದ ಮೊದಲ ಊಂ ಬಂದಾಗ ಅವರ ಮಗಳು ಕಿಸಕ್ಕೆಂದು ನಕ್ಕಳು.

31ನೇ ನಿಮಿಷದಲ್ಲಿ ಹಲಗೂರಿನ ಭಾಗ. ಪಾಂಚಾಳರ ಪರೀಕ್ಷೆಗಳಲ್ಲಿ ನಾವು ಒಂದನ್ನು ಇಟ್ಟುಕೊಂಡು ಮಿಕ್ಕಿದ್ದು ಕತ್ತರಿಸಿದ್ದೆವು. ಕಟ್ ಆಗುತ್ತಿದ್ದ ಹಾಗೇ ಅಯ್ಯ ಕೈ ಎತ್ತಿದರು.

"ಅವ್ವಾ, ಇಲ್ಲಿ ಬುಟ್ಬುಟ್ಟಿದ್ದೀಯಲ್ಲ."

"ಟೈಮ್ ಇರ್ಲಿಲ್ಲ ಅಯ್ಯಾ, ಸಿನಿಮಾಗೆ ಇಷ್ಟೇ ಅಂತ ಹೇಳಿದ್ರು."

"ಬುಡಬಾರ್ದು ಕನವ್ವ. ಸಿದ್ದಪ್ಪಾಜಿ ಅಲಗೂರಲ್ಲೇ ನಿಂತೋಗ್ಬುಡ್ತರೆ."

ಡೈರೆಕ್ಟರ್ ಸಿನಿಮಾ ನಿಲ್ಲಿಸಿದಳು. ತಂಬೂರಿ ಊರಲ್ಲಿತ್ತು. ಅಯ್ಯ ಚುರುಮುರಿಯ ಸ್ಟೀಲ್ ತಟ್ಟೆ ಖಾಲಿ ಮಾಡಿಸಿಕೊಂಡು ಬೆರಳಿನಿಂದ ತಾಳ ಹಿಡಿದರು. ಪರದೆಯ ಮೇಲೆ ಅವರದೇ ಮುಖ ಬಾಯಿ ತೆರೆದುಕೊಂಡು ನಿಂತಿತ್ತು. ಆಟೋದವರು ಚಾಪೆಯ ಮೇಲೆ ಮುಂದಕ್ಕೆ ಸರಿದರು. ನನ್ನ ರೆಕಾರ್ಡರ್ ಮನೆಯಲ್ಲಿತ್ತು, ಅವತ್ತು ಕೆಲಸ ಇರಲಿಲ್ಲವಲ್ಲ.

ಹತ್ತೂವರೆಗೆ ಪ್ರೊಜೆಕ್ಟರ್ ಹುಡುಗ ಬಾಡಿಗೆ ಸಮಯ ಮುಗೀತು ಅಂತ ಮೆಲ್ಲಗೆ ವೈರ್ ಸುತ್ತಿಕೊಂಡು ಹೋದ. ಕೊನೆಯ 21 ನಿಮಿಷ ಆ ಬೀದಿಯವರು ಇನ್ನೂ ನೋಡಿಲ್ಲ.